ಟಿಕೆಟ್ ಕೊಡಿಸಿದವರು

ಲೈಡನ್‌ನ ಮ್ಯೂಸಿಯಂ ನೋಡಿಕೊಂಡು ಬಂದ ತಾಯಿ, ಮಗಳು ಹೂಫ್‌ಡಾರ್ಪ್ ಊರಿಗೆ ಹೋಗುವ ಬಸ್ಸಿನಲ್ಲಿ ನನ್ನ ಮುಂದೆಯೇ ಕೂತರು. ತಾಯಿಯ ಹೆಗಲ ಮೇಲೆ ಮೊಮ್ಮಗು ಮಲಗಿತ್ತು.

“ಆ ಕಾಲದಲ್ಲಿ ಇಲ್ಲಿಂದ ಅಮೆರಿಕಕ್ಕೆ ಹೋದ ಇಂಗ್ಲಿಷರ ಚಿತ್ರದಲ್ಲಿ ಪಾತ್ರೆ ತಿಕ್ತಿದ್ದ ಹುಡುಗಿ ಯಾರೇ?”

“ಮನೆಯಾಳು ಅಮ್ಮ. ಹಡಗಿನ ಟಿಕೆಟ್ ಯಜಮಾನರೇ ಕೊಡಿಸೋರು. ಅದಕ್ಕೆ ವರ್ಷಗಟ್ಟಲೆ ಅವರ ಮನೇಲಿ ದುಡೀಬೇಕಿತ್ತು.”

“ಏನು ಕೆಲಸ?”

“ಅಡುಗೆ, ಪಾತ್ರೆ... ಮಗು ನೋಡ್ಕೊಳ್ಳೋದು.”

“ಪಾಪ. ಊರು ನೋಡಕ್ಕೆ ಬಿಡ್ತಿದ್ರಾ?”

ಮಗಳು ಕಿಟಕಿಯತ್ತ ತಿರುಗಿದಳು.

“ನೀನು ಊರಿಂದ ಬಂದು ಮೂರು ತಿಂಗಳಾಯ್ತು. ಇವತ್ತೇ ಅಲ್ವಾ ಮೊದಲು ಹೊರಗೆ ಕರ್ಕೊಂಡು ಬಂದಿದ್ದು?”

“ನಿಮಗೆಲ್ಲಿ ಪುರುಸೊತ್ತು? ನಾಳೆ ನಾನು ಹೊರಟರೆ ನಾಡಿದ್ದು ನಿಮ್ಮತ್ತೆ ಬರ್ತಾರಲ್ಲ, ಟಿಕೆಟ್ ಆಯ್ತಾ?”

“ಹೂಂ. ನಾವೇ ಕೊಡಿಸಿದ್ವಿ.”

ಸ್ಟಾಪ್ ಬಂತು. ಮಗಳು ಕೈ ಚಾಚಿದಳು.

“ಮಗೂನ ಕೊಡಮ್ಮ, ನಾನು ಎತ್ಕೋತೀನಿ.”

“ಬೇಡ ಬಿಡು. ನಿನ್ನ ಕೈ ಅದಕ್ಕೆ ಹೊಸದು, ಎದ್ದುಬಿಡುತ್ತೆ.”