ಚಲುವಯ್ಯ ಮೇಷ್ಟ್ರು ಕೇಳಿದ್ದ ಪುಸ್ತಕ

ದೀಪ ಇರಲಿ ಮಗಾ, ಆರಿಸ್ಬೇಡ. ಇದು ನಮ್ಮ ಚಿಕ್ಕಪ್ಪನ ಮಗ ಅಂಜನಮೂರ್ತಿಗೆ ಆಗಿದ್ದು, ತೊಂಬತ್ತಾರನೇ ಇಸವೀಲಿ. ಅವನ ಬಾಯಿಂದಲೇ ಕೇಳಿದ್ದು.

ಅವನು ಯೂನಿವರ್ಸಿಟಿ ಲೈಬ್ರರೀಲಿ ಕೆಲಸಕ್ಕಿದ್ದ. ನಮ್ಮಲ್ಲಿಲ್ಲದ ಪುಸ್ತಕ ಬೇಕು ಅಂದ್ರೆ ಹೊರದೇಶದ ಯೂನಿವರ್ಸಿಟಿಗಳಿಂದ ಎರವಲು ತರಿಸೋ ಸೆಕ್ಷನ್ನು. ಹಾಗೆ ಬಂದ ಪುಸ್ತಕ ಮನೆಗೆ ಕೊಡೋ ಹಾಗಿಲ್ಲ. ಓದೋರು ಅಲ್ಲೇ ಕೂತು ಓದ್ಬೇಕು, ಅವರು ಮುಗಿಸೋವರೆಗೂ ಇವನು ಪಕ್ಕದಲ್ಲೇ ಇರ್ಬೇಕು. ಇವನೋ ಶುದ್ಧ ಮೈಗಳ್ಳ. ಐದಾಗೋದೇ ತಡ, ಚಪ್ಪಲಿ ಹುಡುಕೋನು.

ಚಲುವಯ್ಯ ಅಂತ ಒಬ್ರು ರಿಟೈರಾದ ಮೇಷ್ಟ್ರು. ವೀರಗಲ್ಲುಗಳ ಮೇಲೆ ಬರೀತಿದ್ರು. ಜರ್ಮನಿಯಿಂದ ಒಂದು ಹಳೇ ಪುಸ್ತಕ ತರಿಸಿಕೊಡಿ ಅಂತ ಕೇಳಿ, ದಿನಾ ಬಂದು "ಬಂತಾ?" ಅನ್ನೋರು. ಪುಸ್ತಕ ಬಂದಿತ್ತು. ಕೊಟ್ರೆ ಪಕ್ಕದಲ್ಲಿ ಕಾದು ಕೂರ್ಬೇಕಲ್ಲ ಅಂತ ಇವನು ಬೀರುವಿನಲ್ಲಿಟ್ಟು ಬೀಗ ಹಾಕಿ, "ಬಂದಿಲ್ಲ ಸಾರ್" ಅಂತಿದ್ದ. ಕಾದು ಕಾದು ಮೇಷ್ಟ್ರು ತೀರ್ಕೊಂಡ್ರು. ಇವನ ಬಾಯಲ್ಲಿ ಪಾಪ ಅನ್ನೋ ಮಾತೂ ಬರಲಿಲ್ಲ.

ವಾಪಸ್ ಕಳಿಸೋ ಗಡುವು ಬಂತು. ಪುಸ್ತಕಾನ ಬಟ್ಟೇಲಿ ಹೊಲಿದು, ಅರಗಿನ ಮುದ್ರೆ ಒತ್ತಿ, ಬೆಳಗ್ಗೆ ಪೋಸ್ಟ್ ಮಾಡೋಣ ಅಂತ ಚೀಲಕ್ಕೆ ಹಾಕ್ಕೊಂಡು ಮನೆ ಕಡೆ ಹೊರಟ. ಲಿಂಗರಾಜಪುರದಲ್ಲಿ ನಮ್ಮ ಹಳೇ ತೋಟದ ಬಾವಿ ಇತ್ತಲ್ಲ, ಅದರ ಪಕ್ಕದ ದಾರಿ. ಹೊಲಿಗೆ ಹಾಕೋದ್ರಲ್ಲೇ ಹೊತ್ತು ಮುಳುಗಿತ್ತು, ಕರೆಂಟೂ ಹೋಗಿತ್ತು...

ಹಿಂದೆ ಚಪ್ಪಲಿ ಎಳೆಯೋ ಸದ್ದು. ಸರಕ್... ಸರಕ್... ಇವನು ನಿಂತ. ಅದೂ ನಿಂತಿತು.

"ಬಂತಾ?"

ಅಭ್ಯಾಸಬಲ ನೋಡು, ಬಾಯಿ ತಾನಾಗೇ ಅಂದ್ಬಿಡ್ತು. "ಬಂದಿಲ್ಲ ಸಾರ್."

ಚೀಲದೊಳಗೆ ಟಪ್... ಅರಗು ಒಡೀತು. ಆಮೇಲೆ ಪಟ ಪಟ ಪಟ... ಹೊಲಿಗೆ ಒಂದೊಂದೇ ಕಿತ್ತುಬಂತು.

"ಕೂತ್ಕೋ."

"ಸಾರ್... ಮನೇಲಿ ಕಾಯ್ತಿರ್ತಾರೆ..."

"ನಾನೂ ಕಾದೆ. ಮುಗಿಸೋವರೆಗೂ ಏಳ್ಬೇಡ. ರೂಲ್ಸು ನಿಮ್ಮದೇ."

ಬೆಳಗ್ಗೆ ಹುಡುಕ್ಕೊಂಡು ಹೋದವನು ನಾನು. ಬಾವಿಕಟ್ಟೆ ಮೇಲೆ ಕೂತಿದ್ದ, ರೆಪ್ಪೆ ಮಿಟುಕಿಸ್ತಿಲ್ಲ. ಪಕ್ಕದಲ್ಲಿ ಪುಸ್ತಕ, ಕೊನೇ ಪುಟಕ್ಕೆ ತೆರೆದಿತ್ತು. "ಏಳೋ" ಅಂತ ಭುಜ ಹಿಡಿದು ಅಲ್ಲಾಡಿಸಿದೆ.

"ಶ್... ಮೇಷ್ಟ್ರು ಇನ್ನೂ ಓದಿ ಎದ್ದಿಲ್ಲ ಕಣೋ," ಅಂದ.

ಕಟ್ಟೆಯೆಲ್ಲ ಇಬ್ಬನಿಗೆ ಒದ್ದೆಯಾಗಿತ್ತು. ಪುಸ್ತಕದ ಆ ಕಡೆ, ಒಬ್ರು ಕೂರೋವಷ್ಟು ಜಾಗ ಮಾತ್ರ ಒಣಗಿತ್ತು. ನಂಬೋದು ಬಿಡೋದು ನಿನ್ನಿಷ್ಟ. ನಾನೇ ಕೈ ಇಟ್ಟು ನೋಡಿದೀನಿ... ಬೆಚ್ಚಗಿತ್ತು.