ಶೂರ್ಡ್‌ನ ಹೆಸರಿದ್ದ ಹಾಳೆ

“ಹಲೋ... ಯಾರು? ... ಯಾವ ರೈನೌಟ್? ... ಓ, ಆ ರೈನೌಟಾ. ಹೇಳು.”

ನಿಂಕೆ ಬ್ರೆಡ್ಡಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎಂಟು ತಿಂಗಳ ಹಿಂದೆ ಅವಳ ಗಂಡ ಶೂರ್ಡ್‌ನನ್ನು ಮಣ್ಣು ಮಾಡಿದ ದಿನ, ಅವನ ಜೊತೆ ಕೆಲಸ ಮಾಡುತ್ತಿದ್ದ ಈ ರೈನೌಟ್ ಅವಳ ಎರಡೂ ಕೈ ಹಿಡಿದುಕೊಂಡು, ಏನು ಬೇಕಿದ್ದರೂ ಫೋನ್ ಮಾಡು ಎಂದಿದ್ದ. ಆಮೇಲೆ ಅವನಿಂದ ಬಂದ ಮೊದಲ ಕರೆ ಇದು. ಈಗ ಬೇಕಾಗಿದ್ದದ್ದು ಅವನಿಗೇ.

“ನಾನಾ? ಚೆನ್ನಾಗಿದೀನಿ. ... ಹಾಂ, ಊಟದ ಹೊತ್ತೇ. ಪರವಾಗಿಲ್ಲ, ಬ್ರೆಡ್ಡು ತಾನೆ, ಆರಿಹೋಗಲ್ಲ. ... ಇಲ್ಲಪ್ಪ, ಬೇಜಾರೇನು? ನಿನಗೆ ಪುರುಸೊತ್ತಿಲ್ಲ ಅಂತ ಅವತ್ತೇ ಗೊತ್ತಾಯ್ತಲ್ಲ. ಎಲ್ಲರೂ ಕಾಫಿ ಜೊತೆ ಒಂದೊಂದು ತುಂಡು ಕೇಕ್ ತಗೊಂಡ್ರೆ, ನೀನು ಎರಡು ತಗೊಂಡು ಬಸ್ಸಿಗೆ ಓಡಿದ್ದೆ.”

“... ಮೇಲಾ? ಬಂದಿವೆ. ಅವನ ಮೇಲ್ ಈಗ ನಾನೇ ನೋಡೋದು. ಹನ್ನೊಂದು ಗಂಟೆಯಿಂದ ಇಪ್ಪತ್ತೆರಡು. ‘ಇಂಥವರು ನಿಮ್ಮ ಬೋರ್ಡ್ ನೋಡಲು ಅನುಮತಿ ಕೇಳುತ್ತಿದ್ದಾರೆ.’ ಎಂಟು ತಿಂಗಳಿಂದ ಅವನನ್ನ ಯಾರೂ ಏನೂ ಕೇಳಿರ್ಲಿಲ್ಲ. ಇವತ್ತು ನೋಡು, ಸಾಲು ನಿಂತಿದಾರೆ. ... ನೀನೀಗ ಎಲ್ಲಿದೀಯ? ... ಜಲಮಂಡಳಿ ಸಭೇಲಾ? ... ಓಹೋ.”

ಫ್ರೀಸ್‌ಲಾಂಡಿನ ಆ ತಗ್ಗು ಹೊಲಗಳಲ್ಲಿ ನಿಂತ ನೀರನ್ನು ಕಾಲುವೆಗೆ ಎತ್ತಿ ಹಾಕುವ, ಮಂಡಳಿಗೆ ಸೇರಿದ ಮೂವತ್ತೊಂದು ಪಂಪ್‌ಮನೆಗಳಿವೆ. ಶೂರ್ಡ್ ಎರಡು ವರ್ಷ ಅವನ್ನೆಲ್ಲ ಸುತ್ತಿ, ಒಂದೊಂದಕ್ಕೂ ಆನ್‌ಲೈನ್ ಬೋರ್ಡಿನಲ್ಲಿ ಒಂದು ಹಾಳೆ ಮಾಡಿದ್ದ. ನೀರು ಏರಿದರೆ ಯಾವ ಗೇಟು ಮೊದಲು, ಯಾರಿಗೆ ಫೋನ್ ಮಾಡಬೇಕು, ಬೀಗದ ಕೈ ಯಾರ ಮನೆಯಲ್ಲಿದೆ, ಎಲ್ಲವೂ ಅದರಲ್ಲಿತ್ತು. ಮೊದಲ ಹಾಳೆಯಲ್ಲಿ ಅವನು ಕೈಯಾರೆ ಬರೆದ ನಕ್ಷೆ. ನಕ್ಷೆಯ ಮೇಲೆ ಪಂಪ್‌ಮನೆಯನ್ನು ಒತ್ತಿದರೆ ಅದರ ಹಾಳೆ ತೆರೆಯುತ್ತಿತ್ತು. ಅಲ್ಲಿ ‘ಮರಳಿ’ ಎಂದು ಒತ್ತಿದರೆ ಮತ್ತೆ ನಕ್ಷೆ.

“ನಿಧಾನ, ಮಾರಾಯ. ಬೆಳಿಗ್ಗೆ ನಿನ್ನ ಕಂಪ್ಯೂಟರಿನಲ್ಲಿ ಎಲ್ಲಾ ಲಿಂಕೂ ತೆರೀತಿತ್ತು. ಸಭೇಲಿ ಪಂಪ್‌ಮನೆಯವರು ತಮ್ಮ ತಮ್ಮ ಫೋನಲ್ಲಿ ಒತ್ತಿದ್ರೆ ‘ಈ ಬೋರ್ಡ್ ಶೂರ್ಡ್ ಹೀಮ್‌ಸ್ಟ್ರಾ ಅವರದು, ಅನುಮತಿ ಕೇಳಿ’ ಅಂತ ಬಂತು. ಅಲ್ವಾ? ... ಇಪ್ಪತ್ತೆರಡು ಜನಕ್ಕೂ. ... ಈ ಬೋರ್ಡ್ ಯಾರು ಮಾಡಿದ್ದು ಅಂತ ಅವರಿಗೆ ಹೇಳಿದ್ದೆ ನೀನು? ... ‘ನಮ್ಮ ತಂಡ.’ ತಂಡದಲ್ಲಿ ಈಗ ಎಷ್ಟು ಜನ? ... ನೀನೊಬ್ಬನೇ. ಚೆನ್ನಾಗಿದೆ.”

“... ಕಂಪ್ಯೂಟರ್ ತಪ್ಪಲ್ಲ ಅದು. ನೀನು ಹಾಳೆಗಳನ್ನ ಒಂದೊಂದಾಗಿ ಕಾಪಿ ಮಾಡಿದೀಯ. ಹಾಳೆ ನಿನ್ನ ಹೊಸ ಬೋರ್ಡಿಗೆ ಬಂತು, ಲಿಂಕು ಇನ್ನೂ ಅವನ ಬೋರ್ಡನ್ನೇ ತೋರಿಸ್ತಿದೆ. ... ನಿನಗೆ ಯಾಕೆ ತೆರೀತು ಅಂದ್ರೆ, ಶೂರ್ಡ್ ತನ್ನ ಬೋರ್ಡಿಗೆ ನಿನ್ನನ್ನೂ ಸೇರಿಸಿದ್ದ. ನೀನು ಅವನ ಮನೆಯೊಳಗೇ ಓಡಾಡ್ಕೊಂಡು, ನನ್ನ ಮನೆ ಎಷ್ಟು ಚೆನ್ನಾಗಿದೆ ಅಂದ್ಕೊಂಡಿದೀಯ.”

ಅವಳು ಲೋಟದ ಮಜ್ಜಿಗೆ ಒಂದು ಗುಟುಕು ಕುಡಿದಳು. ಆ ತುದಿಯಲ್ಲಿ ಚಮಚಗಳ ಸದ್ದು, ಯಾರೋ ಕೆಮ್ಮಿದ್ದು ಕೇಳಿಸಿತು.

“ಎಲ್ಲಾ ಹಾಳೆ ಒಟ್ಟಿಗೆ ಆರಿಸಿ ಒಂದೇ ಸಲ ಕಾಪಿ ಮಾಡಿದ್ರೆ, ಲಿಂಕುಗಳು ಹೊಸ ಬೋರ್ಡಿನೊಳಗೇ ಸರಿಯಾಗಿ ಕೂರ್ತವೆ. ನಮ್ಮ ಅಡುಗೆಮನೇಲಿ ಕೂತು ನಿನಗೆ ನಾಲ್ಕು ಸಲ ಹೇಳಿಕೊಟ್ಟಿದ್ದ. ನಾನು ಪಾತ್ರೆ ತೊಳೀತಾ ಕಲಿತೆ. ನೀನು ಬಿಸ್ಕತ್ತು ತಿಂತಿದ್ದೆ. ... ಹಾಗಿದ್ರೆ ಯಾಕೆ ಮಾಡ್ಲಿಲ್ಲ? ... ಇಲ್ಲ, ಹೇಳು. ಒಂದೇ ಸಲ ಎತ್ತೋದು ಬಿಟ್ಟು ಮೂವತ್ತೊಂದು ಸಲ ಎತ್ತೋ ಅಷ್ಟು ಶ್ರಮಜೀವಿ ನೀನು ಯಾವಾಗ ಆದೆ? ... ಮೊದಲ ಹಾಳೆ ಬೇಡವಾಗಿತ್ತಾ? ಅವನ ಹೆಸರಿದೆ ಅಂತಾನಾ?”

“... ಮಾತು ಬದಲಾಯಿಸ್ಬೇಡ.”

“... ಒಂದೂವರೆಗೆ ಸಭೆ ಮತ್ತೆ ಶುರುನಾ? ಅಂದ್ರೆ ಇನ್ನು ಮುಕ್ಕಾಲು ಗಂಟೆ. ... ನಾನು ಸುಮ್ಮನೆ ‘ಅನುಮತಿ’ ಅಂತ ಇಪ್ಪತ್ತೆರಡು ಸಲ ಒತ್ತಬೇಕು. ಅಷ್ಟೇನಾ? ... ಒತ್ತಲ್ಲ. ... ಕೋಪಕ್ಕಲ್ಲ, ಕೇಳು. ಶುಕ್ರವಾರ ಅವನ ಖಾತೆ ಮುಚ್ಚುತ್ತೆ. ನಿಮ್ಮ ಕಚೇರಿಯವರೇ ಕಾಗದ ಕಳಿಸಿದಾರೆ. ಆಮೇಲೆ ನಿನಗೂ ತೆರೆಯಲ್ಲ, ಯಾರಿಗೂ ತೆರೆಯಲ್ಲ. ಅಕ್ಟೋಬರಿನಲ್ಲಿ ಬಿರುಗಾಳಿ ಬಂದು ನೀರು ಏರಿದಾಗ ಅವರು ಲಿಂಕ್ ಒತ್ತಿ ನಿನ್ನ ಮುಖ ನೋಡಬೇಕಾಗುತ್ತೆ.”

“... ಹಾಂ, ಈಗ ದಾರಿಗೆ ಬಂದೆ. ಅವನ ಬೋರ್ಡ್ ತೆಗಿ. ಎಲ್ಲಾ ಆರಿಸು. ... ಎಷ್ಟು ತೋರಿಸ್ತಿದೆ? ... ಮೂವತ್ತೊಂದಾ? ಮೊದಲನೇದು ಮತ್ತೆ ಬಿಟ್ಟೆ. ಅದನ್ನ ಬಿಟ್ರೆ ‘ಮರಳಿ’ ಅನ್ನೋದೆಲ್ಲ ಇಲ್ಲಿಗೇ ಬರುತ್ತೆ, ಅವನ ಮೇಲ್‌ಗೆ. ... ಮೂವತ್ತೆರಡು? ಹಾಂ. ... ಕಾಪಿ ಮಾಡಿ ಆಮೇಲೆ ಹೆಸರು ಮಾತ್ರ ಅಳಿಸಬಹುದಾ ಅಂತಾನಾ? ಅಳಿಸು. ನಕ್ಷೇಲಿ ಕಾಲುವೆ ಮೇಲೇ ರುಜು ಹಾಕಿದಾನೆ. ಹೆಸರು ಹೋದ್ರೆ ಜೊತೆಗೆ ಮೂರು ಪಂಪ್‌ಮನೆನೂ ಹೋಗ್ತವೆ. ... ಬೇಡ ಅನ್ನಿಸ್ತಾ? ಬುದ್ಧಿವಂತ.”

ಅವನು ಕಾಪಿ ಮಾಡುವಷ್ಟು ಹೊತ್ತು ಅವಳು ಮೇಲ್‌ಗಳನ್ನು ಒಂದೊಂದಾಗಿ ನೋಡಿದಳು. ಒಂದರ ಕೆಳಗೆ ಯಾರೋ ಎರಡು ಸಾಲು ಬರೆದಿದ್ದರು.

“ರೈನೌಟ್, ಗೇರ್ಲೊಫ್ ಅಂದ್ರೆ ಹದಿನೇಳನೇ ಪಂಪ್‌ಮನೆಯವರಲ್ವಾ? ಶೂರ್ಡ್‌ನನ್ನ ದೋಣೀಲಿ ಸುತ್ತಿಸಿದ ಮುದುಕರು? ... ಅವರೂ ಅನುಮತಿ ಕೇಳಿದಾರೆ. ‘ಶೂರ್ಡ್, ಹೇಗಿದ್ದೀಯ? ಇಲ್ಲಿ ಎಲ್ಲರೂ ಕಾಯ್ತಿದೀವಿ, ಬಾಗಿಲು ತೆಗೆಯಪ್ಪ’ ಅಂತ ಬರೆದಿದಾರೆ. ... ಇದೇನು, ಹೇಗಿದ್ದೀಯ ಅಂತ? ... ಆಮೇಲೆ ಹೇಳ್ತೀನಿ ಅಂದ್ರೆ?”

“... ಆಯ್ತಾ? ಈಗ ಅವರಿಗೆ ಹೊಸ ಬೋರ್ಡ್ ಕಳಿಸು. ಒತ್ತಿ ನೋಡಲಿ. ... ಹಾಂ. ... ಇಲ್ಲಿ ಹೊಸದಾಗಿ ಯಾವ ಮೇಲೂ ಬರ್ತಿಲ್ಲ. ಅಂದ್ರೆ ತೆರೀತು. ... ಧನ್ಯವಾದ ನನಗ್ಯಾಕೆ? ‘ಮರಳಿ’ ಒತ್ತು, ನಕ್ಷೆ ಅಲ್ಲಿನ ಗೋಡೆ ಮೇಲೆ ದೊಡ್ಡದಾಗಿ ಬರಲಿ. ಬಂತಾ? ... ಕೆಳಗಿನ ಹೆಸರು ಓದು. ... ನನಗಲ್ಲ, ಅವರಿಗೆ. ಗಟ್ಟಿಯಾಗಿ.”

ಆ ತುದಿಯಲ್ಲಿ ಕುರ್ಚಿಯೊಂದು ಜರುಗಿತು. ಹೆಸರು ಕೇಳಿಸಿತು, ಆದರೆ ರೈನೌಟ್‌ನ ದನಿಯಲ್ಲಲ್ಲ. ಯಾರೋ ದೂರದಿಂದ, ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಆಮೇಲೆ ಫೋನು ಕೈ ಬದಲಾಯಿತು.

“ಹಲೋ, ಯಾರು ಮಾತಾಡ್ತಿರೋದು? ... ಗೇರ್ಲೊಫ್ ಅವರಾ! ನಾನು ನಿಂಕೆ, ಶೂರ್ಡ್‌ನ ಹೆಂಡತಿ. ... ಹೌದು, ಅವನದೇ ಅಕ್ಷರ. ... ಹೌದು, ನಿಮ್ಮ ದೋಣೀಲಿ ಕೂತೇ ಬರೆದಿದ್ದು. ಒಂದು ಮೂಲೆ ನೆನೆದಿತ್ತಲ್ಲ. ... ಏನಂದ್ರಿ? ... ಬೇರೆ ಊರಲ್ಲಿ ಕೆಲಸ ಸಿಕ್ತಾ? ... ಅವನಿಗಾ? ... ಹಾಗಂತ ರೈನೌಟ್ ಹೇಳಿದನಾ?”

ನಿಂಕೆ ಎದ್ದು ನಿಂತಳು.

“ಇಲ್ಲ, ಫೋನು ಅವನಿಗೆ ಕೊಡಬೇಡಿ. ನೀವೇ ಇಟ್ಕೊಳ್ಳಿ. ... ಗೇರ್ಲೊಫ್ ಅವರೇ, ಪಕ್ಕದಲ್ಲಿ ಕುರ್ಚಿ ಇದೆಯಾ? ... ಕೂತ್ಕೊಳ್ಳಿ ಮೊದಲು. ... ಕೂತ್ರಾ? ಶೂರ್ಡ್... ಹಲೋ? ... ರೈನೌಟ್, ಅವರ ಕೈಗೆ ಕೊಡು ಫೋನು. ... ಕೊಡು ಅಂದೆ. ... ಹಲೋ?”

ಕರೆ ಕಟ್ಟಾಗಿತ್ತು. ಅವಳು ಶೂರ್ಡ್‌ನ ಬೋರ್ಡ್ ತೆರೆದು, ನಕ್ಷೆಯ ಮೇಲೆ ಹದಿನೇಳನೆಯ ಪಂಪ್‌ಮನೆಯನ್ನು ಒತ್ತಿದಳು. ಹಾಳೆ ತೆರೆಯಿತು. ಯಾರಿಗೆ ಫೋನ್ ಮಾಡಬೇಕು ಎಂದಿದ್ದ ಕಡೆ ಗೇರ್ಲೊಫ್‌ರ ನಂಬರು ಇತ್ತು.