ಸೊಸೆಯ ಗುಳಿಗೆ

೧೯೮೪ರಲ್ಲಿ ಬೆಳಗಾವಿ ಸ್ಟೇಷನ್ನಿನಲ್ಲಿ ಖಾನಾಪುರದ ಗಾಡಿಗೆ ಕಾಯುತ್ತಿದ್ದೆ. ದವಾಖಾನೆಯಿಂದ ಬಂದ ಅತ್ತೆ ಮತ್ತು ಬಸುರಿ ಸೊಸೆ ನನ್ನ ಪಕ್ಕದಲ್ಲಿ ಕುಳಿತಿದ್ದರು.

“ಕಸ್ತೂರಿ, ನರ್ಸಬಾಯಿ ನಿನಗ ಕೊಟ್ಟ ಕಬ್ಬಿಣಾಂಶದ ಗುಳಿಗಿ ನಾ ಕದ್ದು ಮಗನಿಗೆ ಕೊಟ್ಟೇನಿ.”

“ಅವರಿಗ್ಯಾಕ್ರಿ, ಅತ್ತಿ?”

“ಸಕ್ಕರಿ ರೋಗದಿಂದ ಸೊರಗಿದ್ದ. ಶಕ್ತಿ ಬರಲೆಂತ ಕೊಟ್ಟೆ.”

“ಇವತ್ತ ಡಾಕ್ಟರನ ಕೇಳಿದ್ರೇನು?”

“ಕೇಳಿದೆ. ಹೆಂಗಸರಿಗೆ ತಿಂಗಳಾ ರಗತ ಹೋಗತೈತಿ, ಬಸುರಾದರ ಕೂಸಿಗೂ ಬೇಕು, ಅದಕ್ಕ ಕಬ್ಬಿಣ ಬೇಕಂತ. ಗಂಡಸರ ಮೈಯಾಗ ಅದು ಕೂಡಿಕೊಂತ ಹೋಗತೈತಂತ. ಸಕ್ಕರಿ ಇದ್ದವಗ ಚೊಲೋ ಅಲ್ಲಂತ.”

“ಅದಕ್ಕ ನನಗ ರಗತ ಕಡಿಮಿ ಆತು.”

“ನನ್ನಿಂದನ ಆತವ್ವಾ. ಬೈ ನನ್ನ.”

“ಬೈದರ ಕೂಸಿಗೆ ರಗತ ಬರತೈತೇನ್ರಿ?”

ಗಾಡಿ ಬಂತು. ಅತ್ತೆ ಕೈ ಚಾಚಿದಳು. ಸೊಸೆ ಕಂಬಿ ಹಿಡಿದು ಒಬ್ಬಳೇ ಹತ್ತಿದಳು.